ಟಿಕೆಟಲ್ಲಿ ಹದಿನಾರೂವರೆ ಗಂಟೆ, ಏಜೆಂಟ್ ಹೇಳುವುದು ಮೂವತ್ತು: ಬಜ್ಪೆಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನಿಜಕ್ಕೂ ಎಷ್ಟು ಹೊತ್ತು?

ಪ್ರಶ್ನೆ: ಕಾಸರಗೋಡಿನ ನೀರ್ಚಾಲಿನ ಹತ್ರ ನಮ್ಮದು ಅಡಿಕೆ ತೋಟ. ಮಗ ಸ್ಯಾನ್ ಹೋಸೆಯಲ್ಲಿದ್ದಾನೆ, ನಾನೂ ಮನೆಯವಳೂ ಮೊದಲ ಸಲ ಅಲ್ಲಿಗೆ ಹೊರಟಿದ್ದೇವೆ. ಟಿಕೆಟ್ ಹೀಗುಂಟು: ಜನವರಿ 18ರ ರಾತ್ರಿ 8ಕ್ಕೆ ಮಂಗಳೂರಿನ ಬಜ್ಪೆ ಏರ್‌ಪೋರ್ಟ್ ಬಿಟ್ಟು 10ಕ್ಕೆ ದುಬೈ, 19ರ ಬೆಳಿಗ್ಗೆ 8.30ಕ್ಕೆ ದುಬೈ ಬಿಟ್ಟು ಅದೇ ದಿನ ಮಧ್ಯಾಹ್ನ 12.30ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ. ವಾಪಸ್ ಎಪ್ರಿಲ್ 10ರ ಸಂಜೆ 4ಕ್ಕೆ ಹೊರಟು 11ರ ಸಂಜೆ 6.30ಕ್ಕೆ ದುಬೈ, ರಾತ್ರಿ 10.30ಕ್ಕೆ ದುಬೈ ಬಿಟ್ಟು 12ರ ಬೆಳಗಿನ ಜಾವ 3.15ಕ್ಕೆ ಬಜ್ಪೆ. ಹೋಗುವುದು ಲೆಕ್ಕ ಹಾಕಿದ್ರೆ ಹದಿನಾರೂವರೆ ಗಂಟೆ ಆಗ್ತದೆ, ಏಜೆಂಟ್ ಮೂವತ್ತು ಅಂತಾನೆ, ಮೊಬೈಲಲ್ಲಿ ದೂರ ಹುಡುಕಿದ್ರೆ 14,100 ಕಿ.ಮೀ., ಹದಿನೇಳು ಗಂಟೆ ಅಂತ ಬರ್ತದೆ. ಇದರಲ್ಲಿ ಸರಿ ಯಾವುದು? ಮನೆಯವಳಿಗೆ ಶುಗರ್ ಉಂಟು, ಮಾತ್ರೆಗೂ ಊಟಕ್ಕೂ ಹೊತ್ತು ಗೊತ್ತಾಗಬೇಕು, ಅದಕ್ಕೇ ಕೇಳಿದ್ದು.

ಉತ್ತರ: ಅಣ್ಣಾ, ನೀವು ಹೇಳಿದ ಮೂರು ಲೆಕ್ಕವೂ ಒಂದೊಂದು ರೀತಿಯಲ್ಲಿ ಸರಿಯೇ, ಆದ್ರೆ ನಿಮಗೆ ಬೇಕಾದ್ದು ಏಜೆಂಟ್ ಹೇಳಿದ ಮೂವತ್ತು. ಉಳಿದೆರಡು ಅಳೆಯುವುದು ಬೇರೆ ಏನನ್ನೋ. ನಾನು ಉಪ್ಪಳ ಕಡೆಯವ, ಗಲ್ಫಲ್ಲಿ 22 ವರ್ಷ ಫ್ಲೈಟ್ ಡಿಸ್ಪ್ಯಾಚ್ ಕೆಲಸ ಮಾಡಿದವ, ಅಂದ್ರೆ ವಿಮಾನ ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಎಣ್ಣೆ ತುಂಬಬೇಕು, ಎಷ್ಟು ಹೊತ್ತು ಹಿಡೀತದೆ ಅಂತ ಕೆಳಗೆ ಕೂತು ಲೆಕ್ಕ ಹಾಕಿ ಪೈಲಟ್ ಕೈಗೆ ಕೊಡುವ ಕೆಲಸ, ಹಾಗಾಗಿ ನಿಮ್ಮ ಪ್ರಶ್ನೆ ನೋಡಿದ ಕೂಡ್ಲೇ ಪೂರ್ತಿಯಾಗಿ ಬರೀಬೇಕು ಅಂತ ಅನಿಸಿತು.

ಮೊದಲು ಗಡಿಯಾರದ ವಿಷಯ ಮುಗಿಸುವ, ಯಾಕಂದ್ರೆ ನಿಮ್ಮ ಅರ್ಧ ಗೊಂದಲ ಇರುವುದು ಅಲ್ಲೇ. ಟಿಕೆಟಲ್ಲಿ ಪ್ರತಿ ಊರಿನ ಹೆಸರಿನ ಪಕ್ಕ ಆ ಊರಿನ ಗಡಿಯಾರದ ಹೊತ್ತನ್ನೇ ಹಾಕುವುದು. ನಮ್ಮ ಕಾಸರಗೋಡಿನವರಿಗೆ ಇದು ಹೊಸತಲ್ಲ, ದುಬೈ ಒಂದೂವರೆ ಗಂಟೆ ಹಿಂದೆ ಅಂತ ಮನೆಮನೆಯಲ್ಲಿ ಅಜ್ಜಿಯಂದಿರಿಗೂ ಗೊತ್ತುಂಟು, ಅಣ್ಣನೋ ಭಾವನೋ ಫೋನ್ ಮಾಡುವ ಹೊತ್ತು ಅದೇ ಲೆಕ್ಕದಲ್ಲಿ ಅಲ್ವಾ. ಸ್ಯಾನ್ ಫ್ರಾನ್ಸಿಸ್ಕೋದ್ದೂ ಅದೇ ಲೆಕ್ಕ, ಅಂತರ ಮಾತ್ರ ದೊಡ್ಡದು. ಜನವರಿಯಲ್ಲಿ ಅದು ನಮ್ಮಿಂದ ಹದಿಮೂರೂವರೆ ಗಂಟೆ ಹಿಂದೆ. ಆದ್ರೆ ಮಾರ್ಚ್ ತಿಂಗಳ ಎರಡನೇ ಆದಿತ್ಯವಾರ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸ್ತಾರೆ, ನವೆಂಬರಿನ ಮೊದಲ ಆದಿತ್ಯವಾರ ಮತ್ತೆ ಹಿಂದೆ ತರ್ತಾರೆ, ಹಾಗಾಗಿ ನೀವು ವಾಪಸ್ ಬರುವ ಎಪ್ರಿಲಲ್ಲಿ ವ್ಯತ್ಯಾಸ ಹನ್ನೆರಡೂವರೆ ಗಂಟೆ. ಹೋಗುವುದಕ್ಕೂ ಬರುವುದಕ್ಕೂ ಒಂದೇ ವ್ಯತ್ಯಾಸ ಹಿಡಿದು ಲೆಕ್ಕ ಹಾಕಿದವರು ಒಂದು ಗಂಟೆ ತಪ್ಪುವುದು ಇಲ್ಲೇ. ಭಾರತ, ದುಬೈ ಎರಡು ಕಡೆಯೂ ಹೀಗೆ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ.

ಈಗ ನಿಮ್ಮ ಟಿಕೆಟನ್ನು ಪೂರ್ತಿ ಊರಿನ ಹೊತ್ತಿಗೆ ತರುವ. 18ರ ರಾತ್ರಿ 8ಕ್ಕೆ ಬಜ್ಪೆ. ದುಬೈಯಲ್ಲಿ 10 ಗಂಟೆ ಅಂದ್ರೆ ಇಲ್ಲಿ 11.30, ಹಾಗಾದ್ರೆ ಮೊದಲ ಹಾರಾಟ ಮೂರೂವರೆ ಗಂಟೆ. ದುಬೈ ಬೆಳಿಗ್ಗೆ 8.30 ಅಂದ್ರೆ ನಮ್ಮ 10 ಗಂಟೆ, ಅಂದ್ರೆ ಅಲ್ಲಿ ಕಾಯುವುದು ಹತ್ತೂವರೆ ಗಂಟೆ. ಸ್ಯಾನ್ ಫ್ರಾನ್ಸಿಸ್ಕೋ 19ರ ಮಧ್ಯಾಹ್ನ 12.30, ಅದಕ್ಕೆ ಹದಿಮೂರೂವರೆ ಕೂಡಿಸಿದ್ರೆ ನಮ್ಮಲ್ಲಿ ಆಗಲೇ 20ನೇ ತಾರೀಕಿನ ಬೆಳಗಿನ ಜಾವ 2 ಗಂಟೆ. 10ರಿಂದ ರಾತ್ರಿ 2ರವರೆಗೆ ಹದಿನಾರು ಗಂಟೆ ಒಂದೇ ಸೀಟಲ್ಲಿ. ಮೂರೂವರೆ, ಹತ್ತೂವರೆ, ಹದಿನಾರು, ಕೂಡಿದ್ರೆ ಮೂವತ್ತು. ಟಿಕೆಟಲ್ಲಿ ಬೆಳಿಗ್ಗೆ 8.30ಕ್ಕೆ ಹೊರಟು ಮಧ್ಯಾಹ್ನ 12.30ಕ್ಕೆ ಮುಟ್ಟುವ ಹಾಗೆ, ನಾಲ್ಕೇ ಗಂಟೆಯ ಹಾಗೆ ಕಾಣುವ ತುಂಡೇ ನಿಜವಾಗಿ ಹದಿನಾರು ಗಂಟೆಯದ್ದು.

ಬರುವಾಗ ಇದು ಪೂರಾ ಉಲ್ಟಾ ಕಾಣ್ತದೆ. 10ರ ಸಂಜೆ 4ರಿಂದ 12ರ ಬೆಳಗಿನ ಜಾವ 3.15 ಅಂತ ನೋಡಿದ್ರೆ ಮೂವತ್ತೈದು ಗಂಟೆ ದಾಟ್ತದೆ, ಎಂತ ಇಷ್ಟು ಉದ್ದ ಅಂತ ಹೆದರಿಕೆ ಆಗ್ತದೆ. ಹನ್ನೆರಡೂವರೆ ಕಳೆಯಿರಿ, ಉಳಿಯುವುದು 22 ಗಂಟೆ 45 ನಿಮಿಷ. ಅಂದ್ರೆ ಚಿಕ್ಕದಾಗಿ ಕಂಡ ಹೋಗುವ ಪ್ರಯಾಣ ದೊಡ್ಡದು, ದೊಡ್ಡದಾಗಿ ಕಂಡ ಬರುವ ಪ್ರಯಾಣ ಚಿಕ್ಕದು. ಅದರಲ್ಲೂ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ವಿಮಾನ ಅಲ್ಲ, ದುಬೈಯಲ್ಲಿ ಹೋಗುವಾಗ ಹತ್ತೂವರೆ ಗಂಟೆ, ಬರುವಾಗ ನಾಲ್ಕೇ ಗಂಟೆ ಕಾಯುವುದು.

ನಮ್ಮ ಅಮ್ಮ ನನ್ನ ಜೊತೆ ಇರ್ಲಿಕ್ಕೆ ಗಲ್ಫಿಗೆ ಬಂದಿದ್ದಾಗ ಮೂರು ತಿಂಗಳು ತನ್ನ ವಾಚನ್ನು ತಿರುಗಿಸ್ಲೇ ಇಲ್ಲ, ಮಧೂರಲ್ಲಿ ಈಗ ಮಧ್ಯಾಹ್ನದ ಪೂಜೆ ಆಗಿರ್ತದೆ, ತೋಟಕ್ಕೆ ನೀರು ಬಿಡುವ ಹೊತ್ತಾಯ್ತು ಅಂತ ಊರಿನ ಹೊತ್ತಲ್ಲೇ ದಿನ ಕಳೀತಿದ್ರು. ಆಮೇಲೆ ನೋಡಿದ್ರೆ ನಾವು ಆಫೀಸಲ್ಲಿ ಮಾಡುವುದೂ ಅದನ್ನೇ ಅಲ್ವಾ, ಇಡೀ ಪ್ರಪಂಚದ ವಿಮಾನದವರು ಎಲ್ಲಾ ಲೆಕ್ಕವನ್ನು ಒಂದೇ ಗಡಿಯಾರದಲ್ಲಿ, ಯುಟಿಸಿ ಅಂತ ಹೇಳ್ತಾರೆ, ಹಾಕುವುದು, ನಮ್ಮ ಭಾರತದ ಹೊತ್ತು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಮೊಬೈಲ್ ತನ್ನಷ್ಟಕ್ಕೆ ಬದಲಾಗ್ಲಿ, ಕೈಯ ವಾಚನ್ನು ಮಗನ ಮನೆ ಮುಟ್ಟುವವರೆಗೆ ಊರಿನ ಹೊತ್ತಲ್ಲೇ ಇಡಿ.

ಇನ್ನು ದೂರ. ಮೊಬೈಲ್ ತೋರಿಸಿದ 14,100 ಕಿ.ಮೀ. ತಪ್ಪಲ್ಲ, ಬಜ್ಪೆಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಭೂಮಿಯ ಮೈ ಮೇಲೆ ನೂಲು ಎಳೆದು ಹಿಡಿದ್ರೆ ಬರುವ ಅತಿ ಕಡಿಮೆ ದೂರ ಅಷ್ಟೇ. ಆದ್ರೆ ಆ ದಾರಿಯಲ್ಲಿ ಬಜ್ಪೆಯಿಂದ ಯಾವ ವಿಮಾನವೂ ನೇರ ಹೋಗುವುದಿಲ್ಲ. ಆ ವೆಬ್‌ಸೈಟ್ ಮಾಡುವುದಿಷ್ಟೇ, ದೂರವನ್ನು ಗಂಟೆಗೆ ಎಂಟುನೂರೈವತ್ತೋ ಒಂಬೈನೂರೋ ಕಿ.ಮೀ. ಅಂತ ಭಾಗಿಸಿ, ಏರ್ಲಿಕ್ಕೆ ಇಳೀಲಿಕ್ಕೆ ಅಂತ ಸ್ವಲ್ಪ ಸೇರಿಸಿ ಹದಿನೇಳು ಗಂಟೆ ಅಂತ ಹೇಳುವುದು, ಅಂಥ ವಿಮಾನ ಇದೆಯಾ ಅಂತ ಅದು ನೋಡುವುದಿಲ್ಲ. ನಿಮ್ಮ ದಾರಿಯಲ್ಲಿ ಬಜ್ಪೆ–ದುಬೈ ಸುಮಾರು 2,460 ಕಿ.ಮೀ., ದುಬೈ–ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 13,000, ಒಟ್ಟು 15,500ರ ಹತ್ತಿರ. ಬೆಂಗಳೂರಿಗೆ ಹೋಗಿ ಅಲ್ಲಿಂದ ನೇರ ಹೋದ್ರೆ 305 ಮತ್ತು 13,990, ಒಟ್ಟು 14,300 ಆಸುಪಾಸು. ಕೆಲವು ಕಡೆ 8,700 ಅಂತ ಬರೆದದ್ದು ನೋಡಿ ಕಡಿಮೆ ಉಂಟಲ್ಲ ಅಂತ ಅಂದ್ಕೊಳ್ಬೇಡಿ, ಅದು ಮೈಲಿ. ಪೈಲಟ್‌ಗಳ ಕಾಗದದಲ್ಲಿ ಅದೇ ಬೆಂಗಳೂರು ದೂರ 7,550 ಅಂತ ಇರ್ತದೆ, ಅದು ನಾಟಿಕಲ್ ಮೈಲ್, ಒಂದಕ್ಕೆ 1.852 ಕಿ.ಮೀ.

ಮಂಗಳೂರು–ಬೆಂಗಳೂರು 305 ಕಿ.ಮೀ.ಗೆ ವಿಮಾನ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚೇ ತೆಗೊಳ್ತದೆ, ಅದೇ ಲೆಕ್ಕ ಹಿಡಿದ್ರೆ ಅಮೇರಿಕಾಕ್ಕೆ ಎರಡು ದಿನ ಬೇಕಿತ್ತು. ಚಿಕ್ಕ ಪ್ರಯಾಣದಲ್ಲಿ ರನ್‌ವೇವರೆಗೆ ಉರುಳುವುದು, ಏರುವುದು, ಇಳಿಯುವುದು ಇವೇ ಹೆಚ್ಚಿನ ಹೊತ್ತು ತಿನ್ನುತ್ತವೆ. ಟಿಕೆಟಲ್ಲಿ ಹಾಕುವುದು ಬರೇ ಹಾರುವ ಹೊತ್ತಲ್ಲ, ಬ್ಲಾಕ್ ಟೈಮ್ ಅಂತ ಹೇಳ್ತೇವೆ, ಗೇಟಲ್ಲಿ ಚಕ್ರಕ್ಕೆ ಕೊಟ್ಟ ಅಡ್ಡ ತೆಗೆದಲ್ಲಿಂದ ಆಚೆ ಕಡೆ ಮತ್ತೆ ಅಡ್ಡ ಕೊಡುವವರೆಗಿನದ್ದು, ಅದರಲ್ಲಿ ಸಾಲಲ್ಲಿ ಕಾಯುವ ನಿಮಿಷಗಳೂ ಸೇರಿರ್ತವೆ. ಪೈಲಟ್ ಮೈಕಲ್ಲಿ ಇವತ್ತು ಹದಿನೈದು ಗಂಟೆ ಹದಿನೈದು ನಿಮಿಷ ಅಂತ ಹೇಳಿದ್ರೆ ಟಿಕೆಟಿಗಿಂತ ಕಡಿಮೆ ಯಾಕೆ ಅಂತ ಯೋಚಿಸ್ಬೇಡಿ, ಅವರು ಹೇಳುವುದು ನೆಲ ಬಿಟ್ಟು ನೆಲ ಮುಟ್ಟುವವರೆಗಿನ ಹೊತ್ತು.

ಸೀಟಿನ ಎದುರು ಟಿವಿಯಲ್ಲಿ ಮ್ಯಾಪ್ ನೋಡುವಾಗ ನಿಮಗೆ ಇನ್ನೊಂದು ಸಂಶಯ ಬಂದೇ ಬರ್ತದೆ, ಅಮೇರಿಕಾ ಪಶ್ಚಿಮಕ್ಕಿರುವಾಗ ವಿಮಾನ ಸೀದಾ ಉತ್ತರಕ್ಕೆ ಯಾಕೆ ಹೋಗ್ತದೆ ಅಂತ. ಇದಕ್ಕೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಒಂದು ಉರುಟು ಚಕ್ಕೋತ ತೆಗೊಂಡು ತೊಟ್ಟನ್ನು ಉತ್ತರ ಧ್ರುವ ಅಂತ ಇಟ್ಟುಕೊಳ್ಳಿ. ದುಬೈಗೆ ಒಂದು ಚುಕ್ಕೆ ಹಾಕಿ, ಹಣ್ಣಿನ ಸರೀ ಆಚೆ ಬದಿಯಲ್ಲಿ ಸ್ವಲ್ಪ ಮೇಲೆ ಸ್ಯಾನ್ ಫ್ರಾನ್ಸಿಸ್ಕೋಗೆ ಇನ್ನೊಂದು ಚುಕ್ಕೆ, ಒಂದು ನೂಲು ಹಿಡಿದು ಎಳೀರಿ, ನೂಲು ಸೊಂಟ ಸುತ್ತಿ ಹೋಗುವುದಿಲ್ಲ, ತೊಟ್ಟಿನ ಮೇಲಿಂದಲೇ ಹೋಗ್ತದೆ. ದುಬೈ 55 ಡಿಗ್ರಿ ಪೂರ್ವದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ 122 ಡಿಗ್ರಿ ಪಶ್ಚಿಮದಲ್ಲಿ, ಎರಡೂ ಕೂಡಿದ್ರೆ 177 ದಾಟ್ತದೆ, 180 ಆಗಿದ್ರೆ ಒಂದಕ್ಕೊಂದು ಪೂರ್ತಿ ಬೆನ್ನ ಹಿಂದೆ ಅಂತ ಲೆಕ್ಕ. ಹಾಗಾಗಿ ಇವೆರಡರ ನಡುವಿನ ಹತ್ತಿರದ ದಾರಿ ಹೆಚ್ಚುಕಡಿಮೆ ಉತ್ತರ ಧ್ರುವದ ನೆತ್ತಿಯ ಮೇಲೆಯೇ ಬರ್ತದೆ. ಶಾಲೆಯ ಗೋಡೆಯಲ್ಲಿ ನಾವು ನೋಡಿದ ಮ್ಯಾಪ್ 1569ರಲ್ಲಿ ಮರ್ಕೇಟರ್ ಅನ್ನುವವರು ಹಡಗಿನವರಿಗೆ ಅಂತ ಮಾಡಿದ ಕ್ರಮದ್ದು, ಅದರಲ್ಲಿ ದಿಕ್ಕು ಸರಿ ಇರ್ತದೆ, ಆದ್ರೆ ಮೇಲೆ ಹೋದ ಹಾಗೆ ಎಲ್ಲವೂ ಹಿಗ್ಗಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ದೊಡ್ಡ ಕಾಣ್ತದೆ, ನಿಜಕ್ಕೆ ಆಫ್ರಿಕಾ ಅದರ ಹದಿನಾಲ್ಕು ಪಟ್ಟು.

ನೂಲಿನ ದಾರಿ ಇದ್ದ ಕೂಡ್ಲೇ ಆ ದಾರಿಯಲ್ಲೇ ಹೋಗ್ಲಿಕ್ಕೆ ಆಗ್ತದೆ ಅಂತಲೂ ಇಲ್ಲ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನೂಲು ಎಳೆದ್ರೆ ಅದು ನೇಪಾಳ, ಟಿಬೆಟ್ ಮೇಲಿಂದ ಹೋಗಿ ಸೈಬೀರಿಯಾ ದಾಟಿ ಸುಮಾರು 71 ಡಿಗ್ರಿ ಉತ್ತರದವರೆಗೆ ಏರ್ತದೆ. ಟಿಬೆಟಿನ ನೆಲವೇ ಸರಾಸರಿ 4,500 ಮೀಟರ್ ಎತ್ತರ. ವಿಮಾನದ ಒಳಗಿನ ಗಾಳಿಯ ಒತ್ತಡ ಏನಾದ್ರೂ ಕಮ್ಮಿ ಆದ್ರೆ ಪೈಲಟ್ ಕೂಡ್ಲೇ ಮೂರು ಸಾವಿರ ಮೀಟರಿನ ಹತ್ತಿರಕ್ಕೆ ಇಳಿಸಬೇಕು, ಅಲ್ಲಿ ಇಳಿಸ್ಲಿಕ್ಕೆ ಜಾಗ ಎಲ್ಲುಂಟು? ಅದಕ್ಕೇ ಹೆಚ್ಚಿನ ವಿಮಾನಗಳು ಆ ಪ್ರದೇಶವನ್ನು ಸುತ್ತಿಕೊಂಡು ಹೋಗುವುದು. ಏರ್ ಇಂಡಿಯಾ 2021ರ ಜನವರಿಯಲ್ಲಿ ಈ ಎರಡು ಊರಿನ ನಡುವೆ ನೇರ ವಿಮಾನ ಶುರು ಮಾಡಿದಾಗ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿ ಪೂರ್ತಿ ಹೆಂಗಸರೇ ಇದ್ದು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ದಾರಿ ಹಿಡಿದು ಬೆಂಗಳೂರಿಗೆ ತಂದು ಇಳಿಸಿದ್ರು, ಹದಿನೇಳು ಗಂಟೆ ಆಸುಪಾಸು. ನಾನು ಆ ದಿನ ಫ್ಲೈಟ್ ಟ್ರ್ಯಾಕರ್ ತೆರೆದಿಟ್ಟುಕೊಂಡು ರಾತ್ರಿ ಮೂರು ಗಂಟೆವರೆಗೆ ಎಚ್ಚರ ಇದ್ದೆ, ಇಷ್ಟು ವರ್ಷ ಕಾಗದದಲ್ಲಿ ಗೆರೆ ಎಳೆದವನಿಗೆ ಬೆಂಗಳೂರಿನ ಹೆಸರು ಅಂಥ ಗೆರೆಯ ತುದಿಯಲ್ಲಿ ನೋಡಿ ಆದ ಸಂತೋಷ ಹೇಳ್ಲಿಕ್ಕೆ ಆಗುವುದಿಲ್ಲ.

ಈಗ ಗಾಳಿ. ಒಂದೇ ದೂರಕ್ಕೆ ಹೋಗುವಾಗ ಒಂದು ಹೊತ್ತು, ಬರುವಾಗ ಇನ್ನೊಂದು ಹೊತ್ತು ಯಾಕೆ ಅನ್ನುವುದಕ್ಕೆ ಉತ್ತರ ಇದರಲ್ಲೇ ಇರುವುದು. ಮಳೆಗಾಲದಲ್ಲಿ ಚಂದ್ರಗಿರಿ ಹೊಳೆಯಲ್ಲಿ ದೋಣಿ ಬಿಟ್ಟವರಿಗೆ ಗೊತ್ತು, ಹುಟ್ಟು ಹಾಕುವ ಕೈಯ ಬಲ ಅಷ್ಟೇ ಇದ್ರೂ ನೀರಿನ ಜೊತೆ ಹೋದ್ರೆ ದಡ ಓಡ್ತದೆ, ಎದುರು ಹೋದ್ರೆ ನಿಂತಲ್ಲೇ ನಿಂತ ಹಾಗೆ. ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಗಾಳಿಯ ಹೊಳೆ ಹರೀತದೆ, ಚಳಿಗಾಲದಲ್ಲಿ ಅದಕ್ಕೆ ಬಲ ಹೆಚ್ಚು, ಗಂಟೆಗೆ ಇನ್ನೂರು ಕಿ.ಮೀ. ದಾಟುವುದೂ ಉಂಟು. ವಿಮಾನ ಗಾಳಿಯೊಳಗೆ ಗಂಟೆಗೆ ಸುಮಾರು 900 ಕಿ.ಮೀ. ಓಡ್ತದೆ ಅಂತ ಇಟ್ಟುಕೊಳ್ಳಿ. ದಾರಿಯುದ್ದಕ್ಕೂ ಸರಾಸರಿ ಐವತ್ತು ಕಿ.ಮೀ. ಬೆನ್ನಿಗೆ ಗಾಳಿ ಸಿಕ್ಕಿದ್ರೆ 14,000 ಕಿ.ಮೀ.ಗೆ ಹದಿನಾಲ್ಕು ಮುಕ್ಕಾಲು ಗಂಟೆ, ಅದೇ ಐವತ್ತು ಎದುರಿಗೆ ಬಂದ್ರೆ ಹದಿನಾರೂವರೆ. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಹೊತ್ತಲ್ಲಿ ನ್ಯೂಯಾರ್ಕಿನಿಂದ ಲಂಡನ್‌ಗೆ ಬ್ರಿಟಿಷ್ ಏರ್‌ವೇಸ್ ವಿಮಾನ ಒಂದು 4 ಗಂಟೆ 56 ನಿಮಿಷದಲ್ಲಿ ಮುಟ್ಟಿತ್ತು, ಮಾಮೂಲಿಗೆ ಆರೂವರೆ ಗಂಟೆಯ ದಾರಿ ಅದು. ಹಾಗಾಗಿ ನಾವು ಡಿಸ್ಪ್ಯಾಚಲ್ಲಿ ಮೊದಲು ನೋಡುವುದು ಕಿ.ಮೀ. ಅಲ್ಲ, ಗಾಳಿಯ ಚಾರ್ಟ್. ನೂರಾರು ಕಿ.ಮೀ. ಸುತ್ತಿ ಹೋದ್ರೂ ಒಳ್ಳೆ ಗಾಳಿ ಸಿಗ್ತದಾದ್ರೆ ಆ ದಾರಿಯೇ ಬೇಗ, ಎಣ್ಣೆಯೂ ಕಡಿಮೆ. ನಿನ್ನೆ ಹೋದ ದಾರಿ ಇವತ್ತಿಲ್ಲ, ಒಂದೇ ನಂಬರಿನ ವಿಮಾನಕ್ಕೂ ದಿನ ದಿನ ಹೊಸ ದಾರಿ ಬರೆದು ಕೊಡುವುದು ಇದಕ್ಕೇ.

ನಿಮ್ಮ ದುಬೈ ದಾರಿಗೆ ಮಾತ್ರ ಈ ಗಾಳಿಯ ಆಟ ಅಷ್ಟು ಇಲ್ಲ. ಯಾಕಂದ್ರೆ ನೀವು ಹೋಗುವುದು ಉತ್ತರಕ್ಕೆ ಏರಿ ಮತ್ತೆ ದಕ್ಷಿಣಕ್ಕೆ ಇಳಿಯುವುದು, ಪಶ್ಚಿಮದ ಗಾಳಿ ಹೋಗುವಾಗಲೂ ಬರುವಾಗಲೂ ಅಡ್ಡದಿಂದ ಹೊಡೀತದೆ, ಅದಕ್ಕೇ ಹೋಗ್ಲಿಕ್ಕೆ ಹದಿನಾರು, ಬರ್ಲಿಕ್ಕೆ ಹದಿನೈದೂವರೆ, ಹೆಚ್ಚು ವ್ಯತ್ಯಾಸ ಇಲ್ಲ. ಬಜ್ಪೆ–ದುಬೈ ತುಂಡಲ್ಲಿ ಹೋಗುವಾಗ ಗಾಳಿ ಎದುರು, ಬರುವಾಗ ಬೆನ್ನಿಗೆ, ಹಾಗಾಗಿ ಹೋಗುವುದು ಮೂರೂವರೆ, ಬರುವುದು ಮೂರೂಕಾಲು.

ಗಾಳಿಯ ಹಾಗೆಯೇ ಮನುಷ್ಯ ಹಾಕಿದ ಬೇಲಿಯೂ ಹೊತ್ತು ಹೆಚ್ಚಿಸ್ತದೆ. 2022ರಲ್ಲಿ ಯುರೋಪಿನವರಿಗೆ ರಷ್ಯಾದ ಆಕಾಶ ಮುಚ್ಚಿದಾಗ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತೂವರೆ ಗಂಟೆಯ ಪ್ರಯಾಣ ಹದಿಮೂರು ಗಂಟೆ ಆಯ್ತು, ಎರಡು ಊರೂ ಇದ್ದಲ್ಲೇ ಉಂಟು, ದೂರ ಒಂದು ಕಿ.ಮೀ. ಕೂಡ ಬದಲಾಗ್ಲಿಲ್ಲ. 2025ರ ಎಪ್ರಿಲಲ್ಲಿ ಪಾಕಿಸ್ತಾನ ನಮ್ಮ ವಿಮಾನ ಕಂಪೆನಿಗಳಿಗೆ ಆಕಾಶ ಮುಚ್ಚಿದ್ದು ದಿಲ್ಲಿಯಿಂದ ಹೋಗುವವರಿಗೆ ದೊಡ್ಡ ಪೆಟ್ಟು, ಬಜ್ಪೆಯಿಂದ ಗಲ್ಫಿಗೆ ಹೋಗುವವರದ್ದು ಅರಬ್ಬೀ ಸಮುದ್ರದ ದಾರಿಯಾದ ಕಾರಣ ಅದರ ಬಿಸಿ ತಾಗ್ಲಿಲ್ಲ. ಹಾಗಾಗಿ ಹೊರಡುವ ಒಂದು ವಾರ ಮೊದಲು ಒಮ್ಮೆ, ಹಿಂದಿನ ದಿನ ಒಮ್ಮೆ ಟಿಕೆಟಿನ ಹೊತ್ತನ್ನು ಮತ್ತೆ ನೋಡಿ, ತಿಂಗಳ ಹಿಂದೆ ಪ್ರಿಂಟ್ ತೆಗೆದ ಕಾಗದ ಒಂದನ್ನೇ ನಂಬಿ ಹೊರಡ್ಬೇಡಿ.

ನೀವು ಮುಖ್ಯವಾಗಿ ಕೇಳಿದ್ದು ಅತ್ತಿಗೆಯ ಮಾತ್ರೆ ವಿಷಯ. ಹಗಲು ರಾತ್ರಿ ನೋಡಿ ಊಟದ ಹೊತ್ತು ಗೊತ್ತು ಮಾಡುವುದು ಈ ದಾರಿಯಲ್ಲಿ ಆಗುವುದೇ ಇಲ್ಲ ಅಂತ ಮೊದಲೇ ತಿಳ್ಕೊಳ್ಳಿ. ಜನವರಿಯಲ್ಲಿ ಧ್ರುವದ ಹತ್ತಿರ ಸೂರ್ಯ ಮೂಡುವುದೇ ಇಲ್ಲ. ನೀವು ಬೆಳಿಗ್ಗೆ ದುಬೈ ಬಿಟ್ಟು ಮೇಲೆ ಹೋದ ಹಾಗೆ ಆರು ಗಂಟೆಯೊಳಗೆ ಕತ್ತಲೆ ಆಗ್ತದೆ, ಮತ್ತೆ ಆರು ಗಂಟೆ ಕಳೆದು ಕೆನಡಾದ ಮೇಲೆ ಇಳಿದು ಬರುವಾಗ ಇನ್ನೊಮ್ಮೆ ಬೆಳಗಾಗ್ತದೆ, ಎರಡೂ ಬೆಳಗು ಅಲ್ಲಿನ ತಾರೀಕಲ್ಲಿ 19ರದ್ದೇ. ಎಪ್ರಿಲಲ್ಲಿ ಧ್ರುವಕ್ಕೆ ಆರು ತಿಂಗಳ ಹಗಲು ಶುರುವಾಗಿರ್ತದೆ, ಆ ದಾರಿ ಹಿಡಿದ್ರೆ ಸಂಜೆ 4ಕ್ಕೆ ಹೊರಟವರಿಗೆ ಸೂರ್ಯ ಇನ್ನೇನು ಮುಳುಗಿದ ಅಂತ ಕಾಣ್ತದೆ, ಪೂರ್ತಿ ಕತ್ತಲೆ ಆಗುವುದಿಲ್ಲ, ಮತ್ತೆ ಮೇಲೆ ಬರ್ತಾನೆ. ಸಾಧ್ಯ ಆದ್ರೆ ಕಿಟಕಿ ಬದಿ ಸೀಟ್ ಕೇಳಿ, ಅದನ್ನು ನೋಡುವ ಯೋಗ ಎಲ್ಲರಿಗೂ ಸಿಗುವುದಿಲ್ಲ. ಆದ್ರೆ ಶುಗರ್ ಮಾತ್ರೆಗೆ ಆ ಸೂರ್ಯ ಲೆಕ್ಕಕ್ಕಿಲ್ಲ. ಒಂದು ಕಾಗದದಲ್ಲಿ ಊರಿನ ಹೊತ್ತಲ್ಲಿ ಬರೀರಿ, 18ರ ರಾತ್ರಿ 8ರಿಂದ 11.30 ವಿಮಾನ, 11.30ರಿಂದ 19ರ ಬೆಳಿಗ್ಗೆ 10ರವರೆಗೆ ದುಬೈ, 10ರಿಂದ ರಾತ್ರಿ 2ರವರೆಗೆ ವಿಮಾನ. ಅದನ್ನು ನಿಮ್ಮ ಡಾಕ್ಟರಿಗೆ ತೋರಿಸಿ ಯಾವ ಮಾತ್ರೆ ಯಾವಾಗ ಅಂತ ಅದರ ಮೇಲೇ ಬರೆಸ್ಕೊಳ್ಳಿ, ಮಗನ ಮನೆ ಮುಟ್ಟಿದ ಮೇಲೆ ಅಲ್ಲಿನ ಹೊತ್ತಿಗೆ ಹೇಗೆ ಬದಲಿಸುವುದು ಅಂತಲೂ ಕೇಳಿ. ಔಷಧಿ ಪೂರ್ತಿ ಕೈಚೀಲದಲ್ಲೇ ಇರ್ಲಿ, ಲಗೇಜಿಗೆ ಹಾಕ್ಬೇಡಿ, ಚೀಟಿ ಜೊತೆಗಿರ್ಲಿ. ಟಿಕೆಟಿಗೆ ಶುಗರ್ ಇದ್ದವರ ಊಟ ಅಂತ ಮೊದಲೇ ಹೇಳಿಟ್ಟರೆ ಸಿಗ್ತದೆ. ಹದಿನಾರು ಗಂಟೆಯಲ್ಲಿ ಒಂದೆರಡು ಗಂಟೆಗೊಮ್ಮೆ ಇಬ್ಬರೂ ಎದ್ದು ನಾಲ್ಕು ಹೆಜ್ಜೆ ನಡೀರಿ, ಕಾಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಅದು ಬೇಕೇ ಬೇಕು, ನೀರು ಆಗಾಗ ಕುಡೀತಾ ಇರಿ.

ದುಬೈಯ ಹತ್ತೂವರೆ ಗಂಟೆ ನನಗೆ ಸ್ವಲ್ಪ ಬೇಸರದ ವಿಷಯ. ನನ್ನ ಅನುಭವದಲ್ಲಿ ನಿಮ್ಮ ಪ್ರಾಯದವರಿಗೆ ವಿಮಾನದ ಹದಿನಾರು ಗಂಟೆಗಿಂತ ರಾತ್ರಿಯಿಡೀ ಏರ್‌ಪೋರ್ಟಿನ ಕುರ್ಚಿಯಲ್ಲಿ ಕೂರುವುದೇ ಹೆಚ್ಚು ಸುಸ್ತು. ಮಗನಿಗೆ ಹೇಳಿ ಅದೇ ದಾರಿಯಲ್ಲಿ ನಾಲ್ಕೈದು ಗಂಟೆ ಕಾಯುವ ಟಿಕೆಟಿಗೆ ಬದಲಿಸ್ಲಿಕ್ಕೆ ಆಗ್ತದಾ ನೋಡಿ, ಆಗದಿದ್ರೆ ಏರ್‌ಪೋರ್ಟ್ ಒಳಗೇ ಇರುವ ಹೋಟೆಲಲ್ಲಿ ರೂಮು ಹಿಡಿದು ಮಲಗಿ, ಸ್ವಲ್ಪ ಖರ್ಚಾದ್ರೂ ಸರಿ. ಎರಡು ಗಂಟೆಗಿಂತ ಕಡಿಮೆಯ ಕನೆಕ್ಷನ್ ಮಾತ್ರ ತೆಗೊಳ್ಬೇಡಿ, ಟರ್ಮಿನಲ್ ಬದಲಾಗ್ಲಿಕ್ಕಿದ್ರೆ ಓಡ್ಲಿಕ್ಕೆ ನಿಮಗೆ ಕಷ್ಟ. ಇನ್ನೊಂದು, ಟಿಕೆಟ್ ಹುಡುಕುವಾಗ ಡೈರೆಕ್ಟ್ ಅಂತ ಬರೆದದ್ದೆಲ್ಲ ನಿಲ್ಲದೆ ಹೋಗುವ ವಿಮಾನ ಅಲ್ಲ, ಒಂದೇ ನಂಬರಲ್ಲಿ ನಡುವೆ ಒಂದು ಊರಲ್ಲಿ ಇಳಿದು ಹೋಗುವುದಕ್ಕೂ ಡೈರೆಕ್ಟ್ ಅಂತಾರೆ, ನಾನ್‌ಸ್ಟಾಪ್ ಅಂತ ಇದ್ರೆ ಮಾತ್ರ ಎಲ್ಲೂ ಇಳಿಯದ್ದು.

ಮನೆ ಬಾಗಿಲಿಂದ ಮನೆ ಬಾಗಿಲಿಗೆ ಅಂತ ಲೆಕ್ಕ ಹಾಕಿದ್ರೆ, ನೀರ್ಚಾಲಿನಿಂದ ಬಜ್ಪೆಗೆ ಎರಡೂವರೆ ಗಂಟೆ ಇಟ್ಟುಕೊಳ್ಳಿ, ಮೂರು ಗಂಟೆ ಮೊದಲು ಅಲ್ಲಿರಬೇಕು, ಅಂದ್ರೆ 18ರ ಮಧ್ಯಾಹ್ನ 2.30ಕ್ಕೆ ಮನೆ ಬಿಡಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಮಿಗ್ರೇಶನ್, ಲಗೇಜ್ ಅಂತ ಒಂದೂವರೆ ಗಂಟೆ, ಅಲ್ಲಿಂದ ಸ್ಯಾನ್ ಹೋಸೆಗೆ ಕಾರಲ್ಲಿ ಒಂದು ಗಂಟೆ. ಒಟ್ಟು ಮೂವತ್ತೆಂಟು ಗಂಟೆ, ಊರಿನ ಹೊತ್ತಲ್ಲಿ 20ರ ಬೆಳಗಿನ ಜಾವ 4.30, ಮಗನ ಮನೆಯಲ್ಲಿ ಮಾತ್ರ 19ರ ಮಧ್ಯಾಹ್ನ 3 ಗಂಟೆ. ಊಟ ಮಾಡಿ ಕೂಡ್ಲೇ ಮಲಗ್ಬೇಡಿ, ಅಲ್ಲಿ ಕತ್ತಲೆ ಆಗುವವರೆಗೆ ಹೇಗಾದ್ರೂ ಎಚ್ಚರ ಇರಿ, ವಾಚ್ ತಿರುಗಿಸುವುದು ಆವಾಗ.

ವಾಪಸ್ ಬರುವಾಗ ಬಜ್ಪೆಗೆ ಕರ್ಕೊಂಡು ಹೋಗ್ಲಿಕ್ಕೆ ಬರುವ ಕಾರಿನವನಿಗೆ 12ನೇ ತಾರೀಕು ಅಂತ ಮಾತ್ರ ಹೇಳಿ ಬಿಡ್ಬೇಡಿ, ಅವನು 12ರ ರಾತ್ರಿ ಹೊರಟು ಬರ್ತಾನೆ, ಇದು ನಮ್ಮೂರಲ್ಲಿ ಎಷ್ಟೋ ಸಲ ಆಗಿದೆ. ವಿಮಾನ ಇಳಿಯುವುದು ಬೆಳಗಿನ ಜಾವ 3.15ಕ್ಕೆ, ನೀವು ಹೊರಗೆ ಬರುವಾಗ ನಾಲ್ಕೂಕಾಲು ಆಗಬಹುದು, ಹಾಗಾಗಿ 11ನೇ ತಾರೀಕು ರಾತ್ರಿ ಊಟ ಮುಗಿಸಿ ಒಂದು ನಿದ್ದೆ ಮಾಡಿ ಒಂದೂವರೆ ಗಂಟೆಗೆ ನೀರ್ಚಾಲು ಬಿಡು ಅಂತ ಅವನಿಗೆ ಹಾಗೆಯೇ ಹೇಳಿ.